ಟವರ್ ಇಲ್ಲ ಸರಿ, ಬಾಯಿಯೂ ಇಲ್ಲವೇ?

ಮಾನ್ಯ ಸಂಪಾದಕರೇ,

ಭಾನುವಾರ ಸಂಜೆ ನಮ್ಮ ವಿಮಾನದಾಣದ ಮೇಲೆ ಎರಡು ಸಣ್ಣ ವಿಮಾನಗಳು ಡಿಕ್ಕಿಯಾಗುವುದು ಕೂದಲೆಳೆಯಲ್ಲಿ ತಪ್ಪಿದ್ದನ್ನು ನಿಮ್ಮ ಪತ್ರಿಕೆ ವರದಿ ಮಾಡಿದೆ. ವರದಿಯ ಬಗ್ಗೆ ನನ್ನ ತಕರಾರಿಲ್ಲ. ಅದರ ಕೊನೆಯ ಸಾಲಿನಲ್ಲಿ ಅಧಿಕಾರಿಯೊಬ್ಬರು, ಅಲ್ಲಿ ನಿಯಂತ್ರಣ ಗೋಪುರ (ಟವರ್) ಇಲ್ಲ, ಪೈಲಟ್‌ಗಳೇ ನೋಡಿಕೊಳ್ಳಬೇಕು ಎಂದು ಕೈತೊಳೆದುಕೊಂಡಿದ್ದಾರಲ್ಲ, ಅದನ್ನು ಓದಿ ಮೈ ಉರಿದುಹೋಯಿತು. ಆ ಹೊತ್ತಿಗೆ ಅದೇ ಸರ್ಕ್ಯೂಟ್‌ನಲ್ಲಿ, ಅಂದರೆ ಇಳಿಯಲು ರನ್‌ವೇ ಸುತ್ತ ಹಾರುವ ಹಾದಿಯಲ್ಲಿದ್ದ ಮೂರನೆಯ ವಿಮಾನ ನನ್ನದು.

ತರಬೇತಿ ವಿಮಾನದ ಹುಡುಗ ರನ್‌ವೇ ಪಕ್ಕದಲ್ಲಿ ಸಮಾನಾಂತರವಾಗಿ ಹಾರುವ ಡೌನ್‌ವಿಂಡ್‌ನಲ್ಲಿ, ತಾನು ಎಲ್ಲಿದ್ದೇನೆಂದು ರೇಡಿಯೊದಲ್ಲಿ ಕರೆ ಕೊಟ್ಟ, ರನ್‌ವೇ ಕಡೆಗಿನ ಅಡ್ಡ ಹಾದಿಯಾದ ಬೇಸ್‌ಗೆ ತಿರುಗುವಾಗ ಕೊಟ್ಟ, ರನ್‌ವೇಗೆ ನೇರವಾಗಿ ಇಳಿಯುವ ಕೊನೆಯ ಹಾದಿಯಾದ ಫೈನಲ್‌ನಲ್ಲೂ ಕೊಟ್ಟ. ಅವನ ಹಿಂದಿದ್ದ ನಾನೂ ಕೊಟ್ಟೆ. ಹೊರಗಿನಿಂದ ಬಂದ ಆ ಅವಳಿ ಎಂಜಿನ್ ವಿಮಾನ ಮಾತ್ರ ತುಟಿ ಬಿಚ್ಚದೆ, ಕುರುಡು ತಿರುವಿನಲ್ಲಿ ಹಾರ್ನ್ ಮಾಡದ ಲಾರಿಯಂತೆ ನೇರವಾಗಿ ಫೈನಲ್‌ಗೆ ನುಗ್ಗಿತು. ಕಟ್ಟಕಡೆಗೆ ಬಂದ ದನಿ ಏನೆಂದಿತು? ‘ಸುತ್ತಮುತ್ತ ಯಾವುದಾದರೂ ವಿಮಾನ ಇದ್ದರೆ ತಿಳಿಸಿ’ ಎಂದಿತು! ತಾನು ಎಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ, ಯಾವ ರನ್‌ವೇಗೆ ಬರುತ್ತಿದ್ದೇನೆ, ಒಂದೂ ಇಲ್ಲ. ಈ ಮಾತನ್ನು ಬಳಸಲೇಬೇಡಿ ಎಂದು ಅಮೆರಿಕದ ವಿಮಾನಯಾನ ಆಡಳಿತ ತನ್ನ ಪೈಲಟ್ ಕೈಪಿಡಿಯಲ್ಲೇ ಬರೆದಿದೆ. ಎಲ್ಲರೂ ಒಟ್ಟಿಗೆ ಉತ್ತರಿಸಲು ಹೊರಟರೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ವಿಮಾನದ ರೇಡಿಯೊದಲ್ಲಿ ಇಬ್ಬರು ಒಂದೇ ಕ್ಷಣಕ್ಕೆ ಗುಂಡಿ ಒತ್ತಿದರೆ ಉಳಿದವರ ಕಿವಿಗೆ ಬೀಳುವುದು ಕೀರಲು ಸದ್ದು ಅಷ್ಟೇ.

ಹುಡುಗ ಗೋ ಅರೌಂಡ್ ಮಾಡಿ, ಅಂದರೆ ಇಳಿಯದೆ ಮತ್ತೆ ಮೇಲೇರಿ ಬದುಕಿದ. ನಾನೂ ಇಳಿಯುವುದನ್ನು ಬಿಟ್ಟು ದೂರ ಹೋಗಿ ಸುತ್ತು ಹಾಕುತ್ತಾ ಕಾದೆ. ಅಷ್ಟರಲ್ಲಿ ಕತ್ತಲಾಯಿತು. ಇಲ್ಲಿಯ ರನ್‌ವೇಗೆ ದೀಪವಿಲ್ಲ. ಬೇರೆ ವಿಮಾನದಾಣಕ್ಕೆ ಹೋಗಿ ಇಳಿದು, ವಾಹನ ಹುಡುಕಿಕೊಂಡು ಮನೆ ಮುಟ್ಟಿದಾಗ ನಡುರಾತ್ರಿ. ವಿಮಾನ ಈಗಲೂ ಅಲ್ಲೇ ನಿಂತಿದೆ, ದಿನದ ಬಾಡಿಗೆ ಏರುತ್ತಿದೆ. ಹೇಳಿಕೆ ಕೊಡಿ ಎಂದು ಕಚೇರಿಯಿಂದ ಕರೆ ಬಂತು, ಹೋದರೆ ಹೇಳಿಕೆ ತೆಗೆದುಕೊಳ್ಳುವವರು ಸೀಟಿನಲ್ಲಿಲ್ಲ. ಮರುದಿನ ಬನ್ನಿ ಎಂದರು. ಮರುದಿನವೂ ಇಲ್ಲ. ತಪ್ಪು ಮಾಡಿದವನನ್ನು ಯಾರೂ ಕರೆದಂತಿಲ್ಲ, ಅಲೆದಾಟವೆಲ್ಲ ಕರೆ ಕೊಟ್ಟವರಿಗೆ!

ಇದು ಹೊಸ ಅಪಾಯವೂ ಅಲ್ಲ. 1996ರ ನವೆಂಬರ್ 19ರಂದು ಅಮೆರಿಕದ ಇಲಿನಾಯ್ ರಾಜ್ಯದ ಕ್ವಿನ್ಸಿಯಲ್ಲಿ, ಟವರ್ ಇಲ್ಲದ ವಿಮಾನ ನಿಲ್ದಾಣದಲ್ಲಿ, ಒಂದನ್ನೊಂದು ಹಾಯುವ ಎರಡು ರನ್‌ವೇಗಳು ಸೇರುವ ಜಾಗದಲ್ಲಿ ಎರಡು ವಿಮಾನಗಳು ಬಡಿದು 14 ಮಂದಿ ಸತ್ತರು. ಇಳಿಯುತ್ತಿದ್ದ ಪ್ರಯಾಣಿಕ ವಿಮಾನದವರು, ಇನ್ನೊಂದು ರನ್‌ವೇಯಲ್ಲಿರುವ ವಿಮಾನ ನಿಂತಿರುತ್ತದೆಯೇ ಎಂದು ಕೇಳಿದ್ದರು. ಉತ್ತರ ಕೊಟ್ಟದ್ದು ಆ ವಿಮಾನದ ಹಿಂದೆ ಸರದಿಗೆ ಕಾಯುತ್ತಿದ್ದ ಮತ್ತೊಂದು ಸಣ್ಣ ವಿಮಾನದ ಪೈಲಟ್. ಅದರ ನಡುವೆ ಪ್ರಯಾಣಿಕ ವಿಮಾನದ ಕಾಕ್‌ಪಿಟ್‌ನ ಎಚ್ಚರಿಕೆ ದನಿಯೂ ಕೂಗಿತು. ಕೇಳಿದವರು ಅದನ್ನೇ ಮುಂದಿದ್ದ ವಿಮಾನದ ಉತ್ತರ ಎಂದುಕೊಂಡರು. ನಿಜವಾಗಿ ಉತ್ತರಿಸಬೇಕಿದ್ದವರು ಮಾತಾಡಲೇ ಇಲ್ಲ, ಟೇಕಾಫ್‌ಗೆ ಓಡಿಸಿದರು. 2022ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ ಎರಡೂ ಕಡೆಯವರು ರೇಡಿಯೊದಲ್ಲಿ ಮಾತಾಡಿದ್ದರು. ಆದರೂ ನೇರ ಫೈನಲ್‌ಗೆ ಬಹಳ ವೇಗವಾಗಿ ಬಂದ ಅವಳಿ ಎಂಜಿನ್ ವಿಮಾನ ಮುಂದಿದ್ದ ಪುಟ್ಟ ಸೆಸ್ನಾಕ್ಕೆ ಬಡಿದು ಮೂವರು ಹೋದರು. ಹೇಳಿದ್ದನ್ನು ಕಿವಿಗೊಟ್ಟು ಕೇಳಿ, ಯಾರು ಎಲ್ಲಿದ್ದಾರೆ ಎಂದು ತಲೆಯಲ್ಲಿ ಚಿತ್ರ ಹಾಕಿಕೊಳ್ಳದಿದ್ದರೆ ಮಾತಾಡಿಯೂ ಉಳಿಗಾಲವಿಲ್ಲ. ಹಾಗಿರುವಾಗ ಏನೂ ಹೇಳದೆ ಬರುವವನಿಗೆ ಏನನ್ನಬೇಕು?

180 ನಾಟ್, ಅಂದರೆ ಗಂಟೆಗೆ 180 ನಾಟಿಕಲ್ ಮೈಲಿ ವೇಗದಲ್ಲಿ ಬರುವವನಿಗೆ 10 ನಾಟಿಕಲ್ ಮೈಲಿ ಎಂದರೆ ಮೂರು ನಿಮಿಷ ಚಿಲ್ಲರೆ. ಆ ದೂರದಲ್ಲೇ ಮೊದಲ ಕರೆ ಕೊಡಬೇಕು ಎನ್ನುವುದು ಅದಕ್ಕೇ. ‘ಕಣ್ಣಿಲ್ಲವೇ, ನೋಡಿಕೊಂಡು ಹಾರಿಸಿ’ ಎನ್ನುವವರು ಒಮ್ಮೆ ಬಂದು ಪಕ್ಕದಲ್ಲಿ ಕೂರಲಿ. ಕಾಕ್‌ಪಿಟ್‌ಗಿಂತ ಕೆಳಗೆ ರೆಕ್ಕೆಯಿರುವ ವಿಮಾನದವನಿಗೆ ತನ್ನ ಕೆಳಗೆ ಕಾಣದು, ಮೇಲೆ ರೆಕ್ಕೆಯಿರುವ ವಿಮಾನದವನಿಗೆ ತನ್ನ ಮೇಲೆ ಕಾಣದು. ಒಬ್ಬನ ಮೇಲೊಬ್ಬ ಇಳಿಯುತ್ತಿದ್ದರೂ ಇಬ್ಬರಿಗೂ ಆಕಾಶ ಖಾಲಿ.

ಇನ್ನು ನಮ್ಮ ವಿಮಾನದಾಣದ ಉಸ್ತುವಾರಿಯವರ ವಿಷಯ. ದೂರದ ಮತ್ತೊಂದು ವಿಮಾನದಾಣಕ್ಕೂ ನಮಗೂ ಒಂದೇ ರೇಡಿಯೊ ಫ್ರೀಕ್ವೆನ್ಸಿ. ಮೇಲೇರಿದಷ್ಟೂ ಅಲ್ಲಿಯ ಮಾತು ಇಲ್ಲಿ ತುಂಬಿಕೊಳ್ಳುತ್ತದೆ. ಕರೆಯ ಮೊದಲಿಗೂ ಕೊನೆಗೂ ವಿಮಾನದಾಣದ ಹೆಸರು ಹೇಳದಿದ್ದರೆ ಫೈನಲ್‌ನಲ್ಲಿರುವವನು ಇಲ್ಲಿಯವನೋ ಅಲ್ಲಿಯವನೋ ದೇವರಿಗೇ ಗೊತ್ತು. ಬೇರೆ ಫ್ರೀಕ್ವೆನ್ಸಿ ಕೊಡಿಸಿ ಎಂದು ಬರೆದ ಪತ್ರಕ್ಕೆ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂದು ಧೂಳು ಹಿಡಿದಿದೆ. ಗೇಟಿನ ಫಲಕದಲ್ಲಿ ಇನ್ನೂ ಹಳೆಯ ಫ್ರೀಕ್ವೆನ್ಸಿಯೇ ಇದೆ. ಗಾಳಿಯ ದಿಕ್ಕು ತೋರಿಸುವ ಗಾಳಿಚೀಲ ಹರಿದು ಚಿಂದಿಯಾಗಿದೆ. ಬೇಲಿ ಬಿದ್ದು ರನ್‌ವೇ ಮೇಲೆ ನಾಯಿಗಳು ಓಡಾಡುತ್ತವೆ. ಹಿಂದೊಮ್ಮೆ ಅಳತೆ ಟೇಪು ಹಿಡಿದು ಬಂದವರು ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಮುಖ ತೋರಿಸಿಲ್ಲ. ಶುಲ್ಕ ಏರಿಸುವ ಸುತ್ತೋಲೆ ಮಾತ್ರ ಒಂದು ದಿನವೂ ತಡವಾಗುವುದಿಲ್ಲ.

ಇಲ್ಲೊಂದು ಟವರ್ ಕಟ್ಟಲಿ. ಆಗದಿದ್ದರೆ ರೇಡಿಯೊ ಮುಂದೆ ಒಬ್ಬ ಮನುಷ್ಯನನ್ನಾದರೂ ಕೂರಿಸಲಿ, ಅದೂ ಆಗದಿದ್ದರೆ ಎಲ್ಲ ಕರೆಗಳನ್ನೂ ಧ್ವನಿಮುದ್ರಿಸುವ ಒಂದು ಯಂತ್ರ ಇಡಲಿ. ರೇಡಿಯೊ ಇದ್ದೂ ಬಳಸದವರ ಲೈಸೆನ್ಸ್ ಮುಟ್ಟುಗೋಲು ಹಾಕಲಿ. ಏನಾದರೂ ಮಾಡಲಿ! ಪೈಲಟ್‌ಗಳೇ ನೋಡಿಕೊಳ್ಳಬೇಕು ಎನ್ನುವುದಾದರೆ ಈ ಅಧಿಕಾರಿಗಳು ಇರುವುದು ಯಾತಕ್ಕೆ? ಆ ತರಬೇತಿ ವಿಮಾನದ ಹುಡುಗನ ತಾಯಿತಂದೆಯ ಎದುರು ನಿಂತು ಇದೇ ಮಾತು ಹೇಳುವ ಧೈರ್ಯ ಅವರಿಗಿದೆಯೇ? ನಾಚಿಕೆಯಾಗಬೇಕು.

— ನೊಂದ ಪೈಲಟ್