ಬೆಂಗಳೂರಿನ ಹವೆ ದೇವರು ಕೊಟ್ಟಿದ್ದು, ಅಡ್ವಾನ್ಸ್ ನಾವು ಮಾಡಿಕೊಂಡಿದ್ದು

ಸಂಪಾದಕರಿಗೆ ನಮಸ್ಕಾರ.

ದೆಹಲಿಯಲ್ಲಿ ಹೊಗೆ ಕವಿದುಕೊಂಡಿತು ಅಂದ ಕೂಡಲೇ ನಮ್ಮಲ್ಲಿ ಒಂದು ಮಾತು ಶುರುವಾಗುತ್ತದೆ: ಸದ್ಯ, ನಾವು ಬೆಂಗಳೂರಿನಲ್ಲಿ ಇದ್ದೇವಲ್ಲ! ಎರಡೂ ರಾಜಧಾನಿಗಳಲ್ಲಿ ಸಂಸಾರ ಮಾಡಿದವಳಾಗಿ ಈ ಬಗ್ಗೆ ನನಗೂ ಒಂದಿಷ್ಟು ಹೇಳುವುದಿದೆ, ಅದರಲ್ಲೂ ಬಾಡಿಗೆ ಮನೆಗೆ ಇಲ್ಲಿ ಕೇಳುವ ಹತ್ತು ತಿಂಗಳ ಅಡ್ವಾನ್ಸ್ ಬಗ್ಗೆ.

ನಾನು ತಿಪಟೂರು ಕಡೆಯವಳು. ಕೇಂದ್ರ ಸರ್ಕಾರದ ಕೆಲಸ ಸಿಕ್ಕಿ ದೆಹಲಿಗೆ ಹೋದವಳು ಸರ್ವೀಸೆಲ್ಲ ಅಲ್ಲೇ ಕಳೆದೆ. ಮೊದಲು ಮುನಿರ್ಕಾದಲ್ಲಿ ಬಾಡಿಗೆ ಮನೆ, ಆಮೇಲೆ ಆರ್.ಕೆ. ಪುರಂ ಕ್ವಾರ್ಟರ್ಸ್. ನಿವೃತ್ತಿಯಾದ ಮೇಲೆ ಬೆಂಗಳೂರಿಗೆ ಬಂದೆವು. ಈಗ ವಿದ್ಯಾರಣ್ಯಪುರದಲ್ಲಿ ಕೆಳಗೆ ನಾವು, ಮೇಲೆ ಬಾಡಿಗೆಯವರು.

ಊರು ಬಿಟ್ಟು ಬರಲು ಕಾರಣ ನಮ್ಮ ಯಜಮಾನರ ಉಬ್ಬಸ. ದೀಪಾವಳಿ ಹತ್ತಿರ ಬಂತೆಂದರೆ ಅವರಿಗೆ ರಾತ್ರಿ ಅಂಗಾತ ಮಲಗಲು ಆಗುತ್ತಿರಲಿಲ್ಲ. ಬೆನ್ನಿಗೆ ದಿಂಬು ಜೋಡಿಸಿ ಒರಗಿಸಿ ಕೂರಿಸಬೇಕು. ಪಕ್ಕದಲ್ಲಿ ನೆಬುಲೈಸರ್. ಕಿಟಕಿ ಸಂದಿಗೆಲ್ಲ ಟೇಪ್ ಅಂಟಿಸಿದ್ದರೂ ಬೆಳಗ್ಗೆ ಎದ್ದು ಬಿಳಿ ಬಟ್ಟೆಯಲ್ಲಿ ಮೇಜು ಒರೆಸಿದರೆ ಬಟ್ಟೆಯೆಲ್ಲ ಬೂದಿ ಬಣ್ಣ. 2024ರ ನವೆಂಬರ್ 18ರಂದು ಅಲ್ಲಿನ ವಾಯು ಗುಣಮಟ್ಟ ಸೂಚ್ಯಂಕ 490 ದಾಟಿತ್ತು. ಆ ಅಳತೆ ಇರುವುದೇ 500ರವರೆಗೆ. ಶಾಲೆಗಳನ್ನು ಆನ್‌ಲೈನ್ ಮಾಡಿದರು, ಲಾರಿಗಳನ್ನು ಗಡಿಯಲ್ಲೇ ತಡೆದರು. ಕೈಲಾದವರು ಕೋಣೆಗೊಂದು ಏರ್ ಪ್ಯೂರಿಫೈಯರ್ ಇಟ್ಟುಕೊಳ್ಳುತ್ತಾರೆ. ಒಂದಕ್ಕೆ ಹತ್ತು ಹದಿನೈದು ಸಾವಿರ, ಮೇಲೆ ಫಿಲ್ಟರ್ ಬದಲಿಸುವ ಖರ್ಚು ಬೇರೆ. ಬೀದಿ ಬದಿಯಲ್ಲಿ ತರಕಾರಿ ಮಾರುವವನು ಏನು ಮಾಡಬೇಕು? ಎರಡು ಊರುಗಳ ಜೀವನ ವೆಚ್ಚ ಹೋಲಿಸುವವರು ಈ ಖರ್ಚನ್ನೂ ಆಸ್ಪತ್ರೆಯ ಬಿಲ್ಲನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಬೇಕು.

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲೇ ಅವರು ರಾತ್ರಿಯಿಡೀ ನಿದ್ದೆ ಮಾಡಿದರು. ನಮ್ಮ ಪಾಲಿಗೆ ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ. ಹಾಗಾಗಿ ದೆಹಲಿಯೇ ವಾಸಿ ಅಂತ ನಾನು ಹೇಳಲಾರೆ.

ಆದರೆ ಈ ಗಾಳಿಯನ್ನು ನಮಗೆ ಕೊಟ್ಟವರು ಯಾರು? ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಗಾಳಿಯಾಡುವ ಜಾಗ. ದೆಹಲಿ ಇರುವುದು ಬಯಲಿನಲ್ಲಿ. ಚಳಿಗಾಲದಲ್ಲಿ ಅಲ್ಲಿ ನೆಲದ ತಣ್ಣನೆ ಗಾಳಿಯ ಮೇಲೆ ಬಿಸಿ ಗಾಳಿ ಪಾತ್ರೆಯ ಮುಚ್ಚಳದ ಹಾಗೆ ಕೂತುಬಿಡುತ್ತದೆ. ವಾಹನದ ಹೊಗೆ, ಕಟ್ಟಡದ ಧೂಳು, ಪಂಜಾಬ್ ಹರಿಯಾಣದಲ್ಲಿ ಸುಟ್ಟ ಕೂಳೆಯ ಹೊಗೆ ಎಲ್ಲವೂ ಅದರೊಳಗೇ ಸುತ್ತುತ್ತವೆ. ನಮ್ಮಲ್ಲಿ ಗಾಳಿ ಚೆನ್ನಾಗಿರುವುದಕ್ಕೆ ಯಾವ ಸರ್ಕಾರವೂ ಬೆನ್ನು ತಟ್ಟಿಕೊಳ್ಳುವಂತಿಲ್ಲ. ಸಿಲ್ಕ್ ಬೋರ್ಡ್ ಹತ್ತಿರ ಸಂಜೆ ನಿಂತು ನೋಡಿದರೆ, ಇದ್ದದ್ದನ್ನೂ ಕಳೆದುಕೊಳ್ಳುತ್ತಿದ್ದೇವೆ ಅನ್ನಿಸುತ್ತದೆ.

2021ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಎರಡು ಪಟ್ಟಿ ಹೊರಡಿಸಿತ್ತು. ಬದುಕಲು ಅನುಕೂಲವಾದ ಊರುಗಳ ಪಟ್ಟಿಯಲ್ಲಿ, ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳ ಪೈಕಿ ಬೆಂಗಳೂರು ಮೊದಲನೆಯದು, ದೆಹಲಿ 13ನೆಯದು. ನಮ್ಮವರು ಅದನ್ನು ಈಗಲೂ ಹೇಳುತ್ತಿರುತ್ತಾರೆ. ಜೊತೆಗೇ ಬಂದ ಇನ್ನೊಂದು ಪಟ್ಟಿ ನಗರಾಡಳಿತದ್ದು. ಅದರಲ್ಲಿ ಬೆಂಗಳೂರಿಗೆ 31ನೇ ಸ್ಥಾನ. ಇದನ್ನು ಮಾತ್ರ ಯಾರೂ ನೆನೆಸಿಕೊಳ್ಳುವುದಿಲ್ಲ. ನಾನು ಎರಡೂ ಕಡೆ ಕಂಡಿದ್ದು ಇದೇ. ಬೆಂಗಳೂರಿನ ಸುಖ ಬಹುಪಾಲು ತಾನಾಗಿ ಬಂದದ್ದು. ದೆಹಲಿಯಲ್ಲಿ ಇರುವ ಸ್ವಲ್ಪ ಸುಖ ಯಾರೋ ಕೂತು ಮಾಡಿದ್ದು. ನಮ್ಮ ಕೈಯಲ್ಲಿ ಇರುವ ವಿಷಯಗಳಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಹವೆ ಚೆನ್ನಾಗಿದೆ ಅಂತ ಅದನ್ನೆಲ್ಲ ಮಾಫಿ ಮಾಡುತ್ತಿದ್ದೇವೆ.

ದಿನಬಳಕೆಯ ಖರ್ಚಿನಲ್ಲಿ ಅಂಥ ವ್ಯತ್ಯಾಸ ಇಲ್ಲ. ಹಾಲು ಇಲ್ಲಿ ಅಗ್ಗ. ನಮ್ಮ ನಂದಿನಿ 2024ರ ನವೆಂಬರಿನಲ್ಲಿ ದೆಹಲಿಗೆ ಹೋದಾಗ ಅಲ್ಲಿ ಟೋನ್ಡ್ ಹಾಲಿಗೆ ಲೀಟರಿಗೆ 55 ರೂಪಾಯಿ ಇಟ್ಟರು. ಇಲ್ಲಿ 2025ರ ಏಪ್ರಿಲಿನಲ್ಲಿ 4 ರೂಪಾಯಿ ಏರಿಸಿದ ಮೇಲೂ ಅದೇ ಹಾಲಿನ ನೀಲಿ ಪ್ಯಾಕೆಟ್ಟಿಗೆ ಲೀಟರಿಗೆ 46 ಆಗಿತ್ತು. ಆದರೂ ನಂದಿನಿ ಬಂದಿದೆ ಅಂತ ಅಲ್ಲಿನ ನಮ್ಮ ಗೆಳತಿಯರು ಫೋನ್ ಮಾಡಿ ಸಂಭ್ರಮಪಟ್ಟಿದ್ದು ಇನ್ನೂ ಕಿವಿಯಲ್ಲಿದೆ. ತರಕಾರಿಗೆ ಅಲ್ಲಿ ವಾರದ ಸಂತೆ, ಮದರ್ ಡೇರಿಯವರ ಸಫಲ್ ಬೂತ್. ಸಫಲ್‌ನಲ್ಲಿ ಸಂಜೆ ಕ್ಯೂ ಇರುತ್ತಿತ್ತು. ಇಲ್ಲಿನ ಹಾಪ್‌ಕಾಮ್ಸ್ ಮಳಿಗೆಗಳು ಮಂಕಾಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. 1959ರಲ್ಲಿ ಶುರುವಾದ ಸಂಸ್ಥೆ ಅದು, ರೈತರದ್ದು. ಹೋಟೆಲ್ ತಿಂಡಿಗೆ ಮಾತ್ರ ಬೆಂಗಳೂರಿಗೆ ಸಾಟಿ ಇಲ್ಲ. ದರ್ಶಿನಿಯಲ್ಲಿ ನಿಂತು ಇಡ್ಲಿ ವಡೆ ತಿಂದು ಒಂದು ಕಾಫಿ ಕುಡಿದು ಬರುವ ಸುಖ ದೆಹಲಿಯಲ್ಲಿ ಎಲ್ಲಿ ಸಿಗಬೇಕು?

ಕರೆಂಟಿನಲ್ಲೂ ನಮಗೇ ಲಾಭ. 200 ಯೂನಿಟ್‌ವರೆಗೆ ಎರಡೂ ಸರ್ಕಾರಗಳ ನೆರವಿದೆ. ಆದರೆ ಅಲ್ಲಿ ಬೇಸಿಗೆಗೆ ಕೂಲರ್ ಇಲ್ಲವೇ ಎಸಿ, ಚಳಿಗಾಲಕ್ಕೆ ಹೀಟರ್ ಬೇಕೇ ಬೇಕು. ಅಲ್ಲಿ 200ರ ಮೇಲೂ ಸ್ವಲ್ಪ ರಿಯಾಯಿತಿ ಉಂಟು, ಆದರೆ ತಿಂಗಳಿಗೆ 400 ಯೂನಿಟ್ ದಾಟಿತೋ, ಅದೂ ಪೂರ್ತಿ ಹೋಯಿತು. ಇಲ್ಲಿ ನಮಗೆ ಫ್ಯಾನ್ ಸಾಕು. ಇದೂ ಹವೆಯ ಪುಣ್ಯವೇ, ನೋಡಿ.

ಓಡಾಟಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಬಸ್ಸಿನಲ್ಲಿ ನಮ್ಮ ಬಿಎಂಟಿಸಿಯೇ ಮೇಲು, ಅಲ್ಲಿ ಕಾದು ಕಾದು ಸಾಕಾಗುತ್ತಿತ್ತು. ಹೆಂಗಸರಿಗೆ ಅಲ್ಲಿ 2019ರಿಂದ, ಇಲ್ಲಿ 2023ರಿಂದ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಮೆಟ್ರೋ ಅಲ್ಲಿ 2002ರಲ್ಲಿ ಶುರುವಾಯಿತು, ಇಲ್ಲಿ 2011ರಲ್ಲಿ. ತಡವಾಗಿದ್ದನ್ನು ಕ್ಷಮಿಸೋಣ. ಆದರೆ 2025ರ ಫೆಬ್ರವರಿಯಲ್ಲಿ ನಮ್ಮ ಮೆಟ್ರೋದ ಗರಿಷ್ಠ ದರ 60ರಿಂದ ಒಂದೇ ಏಟಿಗೆ 90 ಆಯಿತು. ಅದೇ ವರ್ಷ ಆಗಸ್ಟಿನಲ್ಲಿ ದೆಹಲಿಯಲ್ಲೂ ಏರಿಸಿದರು, 60ರಿಂದ 64ಕ್ಕೆ. ಅದೂ ಎಂಟು ವರ್ಷಗಳ ಮೇಲೆ. ಅಲ್ಲಿ ನಮ್ಮ ಕಚೇರಿಯ ಜಾಯಿಂಟ್ ಸೆಕ್ರೆಟರಿಯೂ ಗುಮಾಸ್ತೆಯೂ ಒಂದೇ ಬೋಗಿಯಲ್ಲಿ ಬರುತ್ತಿದ್ದರು. ಇಲ್ಲಿ ನಮ್ಮ ಮನೆಗೆಲಸಕ್ಕೆ ಬರುವ ಹುಡುಗಿ ಮೆಟ್ರೋ ಹತ್ತುವುದನ್ನೇ ಬಿಟ್ಟಳು. ಸ್ಕೂಟರಿಗೇ ಹೋಗೋಣ ಅಂದರೆ ಪೆಟ್ರೋಲ್ 2025ರಲ್ಲಿ ಅಲ್ಲಿ 95ರ ಆಸುಪಾಸು, ಇಲ್ಲಿ 103ರ ಆಸುಪಾಸು.

ನೀರಿನ ವಿಷಯದಲ್ಲಿ ಯಾರೂ ಬೀಗುವಂತಿಲ್ಲ. ದೆಹಲಿಯಲ್ಲಿ ಮನೆಗೆ ತಿಂಗಳಿಗೆ 20,000 ಲೀಟರ್ ಉಚಿತ. ಆದರೆ ನಲ್ಲಿಯೇ ಇಲ್ಲದ ಸಂಗಮ್ ವಿಹಾರದ ಗಲ್ಲಿಗಳಲ್ಲಿ ಜನ ಟ್ಯಾಂಕರಿಗೆ ಕೊಡಪಾನ ಹಿಡಿದು ನಿಲ್ಲುವುದನ್ನು ಕಂಡಿದ್ದೇನೆ. ನಮಗೆ ಕಾವೇರಿ ಬರಬೇಕಾದ್ದು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ ಮೇಲಕ್ಕೆ ಪಂಪ್ ಮಾಡಿಕೊಂಡು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಬೇಕಾಯಿತು: ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ. ಆ ವರ್ಷ ಅಕ್ಟೋಬರಿನಲ್ಲಿ ಐದನೇ ಹಂತದ ಕಾವೇರಿ ನೀರು ಬಂತು, ಪಾಲಿಕೆಗೆ ಸೇರಿಸಿಕೊಂಡ ಹೊರವಲಯದ 110 ಹಳ್ಳಿಗಳಿಗೆ ಅಂತ. ಒಳ್ಳೆಯ ಕೆಲಸ. ಆದರೂ ಥಣಿಸಂದ್ರದಲ್ಲಿ ಮಗಳು ಇದ್ದ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಬಿಲ್ಲಿನಲ್ಲಿ ಟ್ಯಾಂಕರ್ ಅನ್ನುವ ಸಾಲು ಹೋಗಲೇ ಇಲ್ಲ.

ಈ ಪತ್ರ ಬರೆಯಲು ಕೂತಿದ್ದೇ ಆ ಮಗಳ ಬಾಡಿಗೆ ಮನೆಯ ಕಥೆಗಾಗಿ.

ಮಗಳು ಅಳಿಯ ಇಬ್ಬರೂ ಕೆಲಸಕ್ಕೆ ಹೋಗುವವರು. ದೆಹಲಿಯ ದ್ವಾರಕಾದಲ್ಲಿ ಎರಡು ಬೆಡ್‌ರೂಮಿನ ಮನೆ ಹಿಡಿದಿದ್ದರು. ಬಾಡಿಗೆ 26,000. ಮನೆಯೊಳಗೆ ಕಾಲಿಡುವಾಗ ಕೊಟ್ಟಿದ್ದು ಒಂದು ತಿಂಗಳ ಬಾಡಿಗೆ, ಒಂದು ತಿಂಗಳ ಡೆಪಾಸಿಟ್, ಅರ್ಧ ತಿಂಗಳ ಬ್ರೋಕರೇಜ್. ಒಟ್ಟು 65,000. ಬೆಂಗಳೂರಿಗೆ ವರ್ಗವಾಗಿ ಬಂದಾಗ ಥಣಿಸಂದ್ರದಲ್ಲಿ ಅಷ್ಟೇ ದೊಡ್ಡ ಮನೆ ನೋಡಿದರು. ಬಾಡಿಗೆ 30,000, ಅಂಥ ಜಾಸ್ತಿ ಏನಲ್ಲ. ಅಡ್ವಾನ್ಸ್ ಎಷ್ಟು ಅಂದರೆ ಹತ್ತು ತಿಂಗಳದ್ದು, 3 ಲಕ್ಷ! ಬ್ರೋಕರಿಗೆ ಒಂದು ತಿಂಗಳದ್ದು, ಮೊದಲ ತಿಂಗಳ ಬಾಡಿಗೆ ಬೇರೆ. ಬೀಗದ ಕೈ ಸಿಗುವ ಹೊತ್ತಿಗೆ 3,60,000 ರೂಪಾಯಿ. ಅಳಿಯಂದಿರು "ಅತ್ತೆ, ನಾವು ಮನೆ ಕೊಂಡ್ಕೊಳ್ತಾ ಇಲ್ಲ, ಬಾಡಿಗೆಗೆ ಅಲ್ವಾ?" ಅಂತ ನನ್ನನ್ನೇ ಕೇಳಿದರು. ಬೆಂಗಳೂರಿನ ಪದ್ಧತಿ ಹೀಗೇ ಅಂತ ನಾನೇ ಸಮಾಧಾನ ಹೇಳಿ, ಎಫ್‌ಡಿ ಮುರಿಸಿ ಕೊಡಿಸಿದೆ.

ಲೆಕ್ಕ ಹಾಕಿ ನೋಡಿ. ಆ 3 ಲಕ್ಷ ಬ್ಯಾಂಕಿನಲ್ಲೇ ಇದ್ದಿದ್ದರೆ ಶೇ 6.5ರ ಬಡ್ಡಿಗೆ ವರ್ಷಕ್ಕೆ 19,500 ಬರುತ್ತಿತ್ತು. ತಿಂಗಳಿಗೆ 1,600ರ ಮೇಲಾಯಿತು. ಬಾಡಿಗೆ ಕರಾರಿನಲ್ಲಿ ಕಾಣದ ಬಾಡಿಗೆ ಇದು. ಮಗಳಿಗೆ ಮುರಿಸಲು ಎಫ್‌ಡಿ ಇತ್ತು. ರಾಯಚೂರಿನಿಂದಲೋ ಹಾವೇರಿಯಿಂದಲೋ ಮೊದಲ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಏನು ಮಾಡುತ್ತಾರೆ? ಸಾಲ ಮಾಡುತ್ತಾರೆ, ಇಲ್ಲದಿದ್ದರೆ ಪಿಜಿಯಲ್ಲಿ ಮೂರು ನಾಲ್ಕು ಜನ ಒಂದು ಕೋಣೆಯಲ್ಲಿ ಇರುತ್ತಾರೆ. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ಆಸೆ ಇದ್ದರೂ ಈ ಅಡ್ವಾನ್ಸ್ ಹೊಂದಿಸುವುದರಲ್ಲೇ ವರ್ಷ ಕಳೆಯುತ್ತದೆ.

ಕೊಡುವುದು ಒಂದು ಕಷ್ಟ, ವಾಪಸ್ ಪಡೆಯುವುದು ಇನ್ನೊಂದು. ಮನೆ ಖಾಲಿ ಮಾಡಿದ ದಿನ ಮಾಲೀಕರು ಕೋಣೆ ಕೋಣೆಗೂ ಹೋಗಿ ಗೋಡೆ ಮುಟ್ಟಿ ನೋಡಿದರು. ಕ್ಯಾಲೆಂಡರ್ ಹಾಕಿದ ಮೊಳೆಯ ತೂತನ್ನು ಬೆರಳಲ್ಲಿ ತೋರಿಸಿದರು. ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ, 30,000 ಮುರಿದುಕೊಂಡರು. ಗೋಡೆ ಇದ್ದ ಸ್ಥಿತಿಯಲ್ಲೇ ಮುಂದಿನವರು ಬಂದು ಸೇರಿಕೊಂಡರು ಅನ್ನುವುದು ಆಮೇಲೆ ವಾಚ್‌ಮನ್‌ನಿಂದ ತಿಳಿಯಿತು. ಉಳಿದ ದುಡ್ಡಿಗೆ "ಹೊಸಬರು ಅಡ್ವಾನ್ಸ್ ಕೊಟ್ಟ ಮೇಲೆ ಕೊಡ್ತೀನಿ" ಅಂದರು. ಅಂದರೆ ನಮ್ಮ ಮಕ್ಕಳ ದುಡ್ಡು ಅವರ ಹತ್ತಿರ ಇರಲೇ ಇಲ್ಲ, ಖರ್ಚಾಗಿ ಹೋಗಿತ್ತು. ಹೊಸ ಮನೆಗೆ ಅಡ್ವಾನ್ಸ್ ಹೊಂದಿಸಲು ಮತ್ತೆ ಸಾಲ. ಭದ್ರತೆಗೆ ಅಂತ ಇಟ್ಟ ಹಣವನ್ನು ಮಾಲೀಕರು ಕೈಸಾಲದ ಹಾಗೆ ಬಳಸಿಕೊಳ್ಳುವುದು ಯಾವ ನ್ಯಾಯ?

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ನಾನೂ ಮನೆ ಬಾಡಿಗೆಗೆ ಕೊಟ್ಟವಳು. ಬಾಡಿಗೆದಾರ ತಿಂಗಳುಗಟ್ಟಲೆ ದುಡ್ಡು ಕೊಡದೆ ಕೂತರೆ, ಖಾಲಿ ಮಾಡದೆ ಸತಾಯಿಸಿದರೆ ಕೋರ್ಟಿಗೆ ಅಲೆಯಬೇಕು. ಆ ಭಯಕ್ಕೇ ಹತ್ತು ತಿಂಗಳು ಕೇಳುತ್ತಾರೆ. ಆದರೆ ಇದಕ್ಕೆ ದಾರಿ ಇದೆ. ಕೇಂದ್ರ ಸಂಪುಟ 2021ರ ಜೂನಿನಲ್ಲಿ ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ತೆಗೆದುಕೊಳ್ಳುವಂತಿಲ್ಲ ಅಂತ ಅದರಲ್ಲಿದೆ. ಮಾಲೀಕರಿಗೂ ಅದರಲ್ಲಿ ರಕ್ಷಣೆ ಇದೆ. ತಕರಾರಿಗೆ ಪ್ರತ್ಯೇಕ ಬಾಡಿಗೆ ಪ್ರಾಧಿಕಾರ, ಬಾಡಿಗೆ ನ್ಯಾಯಾಲಯ. ಅವಧಿ ಮುಗಿದರೂ ಖಾಲಿ ಮಾಡದಿದ್ದರೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಇಬ್ಬರಿಗೂ ಹಿತವಾದ ಕಾನೂನು ಇದಕ್ಕಿಂತ ಬೇಕಾ?

ಇದಕ್ಕೆ ಸಾವಿರಾರು ಕೋಟಿ ಬೇಡ. ಸುರಂಗ ತೋಡಬೇಕಿಲ್ಲ, ಮೇಲ್ಸೇತುವೆ ಕಟ್ಟಬೇಕಿಲ್ಲ. ವಿಧಾನಸೌಧದಲ್ಲಿ ಒಂದು ಮಸೂದೆ ಪಾಸಾದರೆ ಸಾಕು. ಕೇಳುವವರು ಯಾರು ಅನ್ನುವುದೇ ಸಮಸ್ಯೆ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಈ ಊರಿಗೆ ಕಾರ್ಪೊರೇಟರುಗಳೇ ಇರಲಿಲ್ಲ. ಬಾಡಿಗೆದಾರರಿಗಂತೂ ಗಟ್ಟಿಯಾದ ಸಂಘ ಇಲ್ಲ, ಹನ್ನೊಂದು ತಿಂಗಳಿಗೊಮ್ಮೆ ವಿಳಾಸ ಬದಲಿಸುವವರು ಸಂಘ ಕಟ್ಟುವುದು ಎಲ್ಲಿಂದ ಬಂತು.

ನಮ್ಮ ಮೇಲಿನ ಮನೆಯನ್ನು ನಾವು ಎರಡು ತಿಂಗಳ ಅಡ್ವಾನ್ಸಿಗೇ ಕೊಟ್ಟಿದ್ದೇವೆ. ಸುಣ್ಣ ಬಣ್ಣದ ಖರ್ಚು ನಮ್ಮದು ಅಂತ ಕರಾರಿನಲ್ಲೇ ಬರೆಸಿದ್ದೇವೆ. ಈ ತನಕ ಬಾಡಿಗೆ ಒಂದು ತಿಂಗಳೂ ತಪ್ಪಿಲ್ಲ. ಅಕ್ಕಪಕ್ಕದ ಮಾಲೀಕರು ನಮಗೆ ಬುದ್ಧಿ ಹೇಳುತ್ತಾರೆ, ಜಾಸ್ತಿ ಕೇಳಿ ಅಂತ. ಹತ್ತು ತಿಂಗಳೇ ಬೇಕು ಅನ್ನುವವರು ಅದು ಯಾಕೆ ಬೇಕು ಅಂತ ದಯವಿಟ್ಟು ಇದೇ ಅಂಕಣದಲ್ಲಿ ಬರೆಯಲಿ. ನಮ್ಮ ಕ್ಷೇತ್ರದ ಶಾಸಕರಿಗೆ ಈ ಪತ್ರದ ಪ್ರತಿ ಕಳಿಸುತ್ತಿದ್ದೇನೆ. ಬರುವ ಅಧಿವೇಶನದಲ್ಲಿ ಎರಡು ತಿಂಗಳ ಮಿತಿಯ ಪ್ರಶ್ನೆ ಎತ್ತುತ್ತಾರಾ ಅಂತ ಅವರಿಂದ ಉತ್ತರ ಬೇಕು.

ಇಂತಿ,
ನಿವೃತ್ತ ಕೇಂದ್ರ ಸರ್ಕಾರಿ ನೌಕರೆ,
ವಿದ್ಯಾರಣ್ಯಪುರ, ಬೆಂಗಳೂರು