ಟೇಪಿನ ಕೌದಿ

ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ ಮಾತಾಡಿದೆ. ಹೊಸ ಗಿಟಾರ್ ಟ್ರ್ಯಾಕನ್ನು ಒಂದೇ ಸಲಕ್ಕೆ ನುಡಿಸಿಲ್ಲ, ಹನ್ನೊಂದು ತುಂಡು ಮಾಡಿ ಲ್ಯಾಪ್‌ಟಾಪಿನಲ್ಲಿ ಅಂಟಿಸಿದ್ದೇನೆ, ಇದು ಮೋಸ ಅಲ್ವಾ ಅಂದೆ. ನಾನು ನಿದ್ದೆಗಣ್ಣಿನಲ್ಲಿದ್ದೆ. ಸುಮ್ನೆ ಹೂಂಗುಟ್ಟಿ ಫೋನ್ ಇಟ್ಟೆ. ಈಗ ಉತ್ತರ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ರಾಕ್ ತಂಡ ಯೆಸ್‌ನ 'ಕ್ಲೋಸ್ ಟು ದಿ ಎಡ್ಜ್' ನಮ್ಮ ಹಾಸ್ಟೆಲ್ ಕೋಣೆಯಲ್ಲಿ ಎಷ್ಟು ಸಲ ಓಡಿತ್ತು, ನೆನಪಿದೆಯಾ? ಒಂದೇ ಹಾಡು, 18 ನಿಮಿಷಕ್ಕೂ ಜಾಸ್ತಿ. ಎಲ್‌ಪಿ ತಟ್ಟೆಯ ಒಂದು ಇಡೀ ಬದಿ ಅದಕ್ಕೇ ಹೋಗಿತ್ತು. ಹರಿಯುವ ನೀರು, ಹಕ್ಕಿಗಳ ಸದ್ದಿನಿಂದ ಶುರುವಾಗಿ ಅಲ್ಲಿಗೇ ಬಂದು ಮುಗಿಯುತ್ತದೆ. ಐದು ಜನ ಕಣ್ಣು ಮುಚ್ಚಿ ಒಂದೇ ಉಸಿರಿಗೆ ನುಡಿಸಿರಬೇಕು ಅಂತ ನೀನು ವಾದಿಸುತ್ತಿದ್ದೆ. ನಾನೂ ನಂಬಿದ್ದೆ.

ಹಾಗೇನೂ ಆಗಿರಲಿಲ್ಲ ಮಾರಾಯ.

1972ರ ಮಾತು. ಲಂಡನ್ನಿನ ಅಡ್ವಿಷನ್ ಸ್ಟುಡಿಯೊ. ಹಾಡುವುದಕ್ಕೆ ಜಾನ್ ಆಂಡರ್ಸನ್, ಬೇಸ್‌ಗೆ ಕ್ರಿಸ್ ಸ್ಕ್ವೈರ್, ಗಿಟಾರ್‌ಗೆ ಸ್ಟೀವ್ ಹೋವ್, ಕೀಬೋರ್ಡ್‌ಗೆ ರಿಕ್ ವೇಕ್‌ಮನ್, ಡ್ರಮ್ಸ್‌ಗೆ ಬಿಲ್ ಬ್ರುಫರ್ಡ್. ರೆಕಾರ್ಡಿಂಗ್ ನೋಡಿಕೊಂಡವನು ಎಡ್ಡಿ ಆಫರ್ಡ್. ಹಿಂದಿನ ಆಲ್ಬಂ ಚೆನ್ನಾಗಿ ಓಡಿತ್ತು, ಹಾಗಾಗಿ ತಿಂಗಳುಗಟ್ಟಲೆ ಸ್ಟುಡಿಯೊದಲ್ಲಿ ಕೂರುವ ಧೈರ್ಯ ಬಂದಿತ್ತು. ಆದರೆ ಇಡೀ ಹಾಡು ಯಾರ ತಲೆಯಲ್ಲೂ ಇರಲಿಲ್ಲ. ಒಂದು ಚೂರು ಕಟ್ಟುವುದು, ಕಲಿಯುವುದು, ರೆಕಾರ್ಡ್ ಮಾಡುವುದು. ಮಾರನೇ ದಿನ ಮುಂದಿನ ಚೂರು. ಆಫರ್ಡ್ ಬ್ಲೇಡಿನಿಂದ ರೆಕಾರ್ಡ್ ಆದ ಟೇಪನ್ನು ಕತ್ತರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸುತ್ತ ಹೋದ. ಧಾರವಾಡದಲ್ಲಿ ನಿಮ್ಮ ಅವ್ವ ಹಳೇ ಸೀರೆ, ಅಂಗಿ ಎಲ್ಲ ಹರಡಿಕೊಂಡು ಕೌದಿ ಹೊಲಿಯುತ್ತಿದ್ದರಲ್ಲ, ಥೇಟ್ ಹಾಗೆ. ನಿನ್ನ ಲ್ಯಾಪ್‌ಟಾಪಿನಲ್ಲಿ ತಪ್ಪಾದರೆ ಒಂದು ಗುಂಡಿ ಒತ್ತಿದರೆ ಆಯ್ತು. ಅವನು ಕತ್ತರಿಸಿದ್ದು ಕತ್ತರಿಸಿದ್ದೇ.

ಒಂದು ಸಲ ಏನಾಯಿತಂತೆ ಗೊತ್ತಾ? ಬೇಕಾದ ಟೇಪಿನ ತುಂಡೇ ನಾಪತ್ತೆ. ಕಸ ಗುಡಿಸುವವರು ಕಸ ಅಂದುಕೊಂಡು ಎಸೆದುಬಿಟ್ಟಿದ್ದರು. ತಂಡದವರೆಲ್ಲ ಹೊರಗೆ ಓಡಿ ಕಸದ ತೊಟ್ಟಿ ಕೆದಕಿ, ಆ ತುಂಡನ್ನು ಹುಡುಕಿ ತಂದು ಅಂಟಿಸಿದರಂತೆ. ಅವರೇ ಆಮೇಲೆ ಹೇಳಿಕೊಂಡ ಕಥೆ ಇದು. ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಆದರೂ ಈಗ ಆ ಹಾಡು ಕೇಳುವಾಗೆಲ್ಲ ಇದರಲ್ಲಿ ತೊಟ್ಟಿಯಿಂದ ಎದ್ದುಬಂದ ತುಂಡು ಯಾವುದು ಅಂತ ಕಿವಿ ಹುಡುಕುತ್ತದೆ. ಸಿಕ್ಕಿಲ್ಲ.

ನಡುವೆ ಎಲ್ಲ ನಿಂತು, ಆಂಡರ್ಸನ್ ಮೆಲ್ಲಗೆ ಹಾಡಿದ ಮೇಲೆ ದೊಡ್ಡದಾಗಿ ಆರ್ಗನ್ ಏಳುತ್ತದಲ್ಲ? ಅದು ಸ್ಟುಡಿಯೊದ ವಾದ್ಯವೇ ಅಲ್ಲ. ಲಂಡನ್ನಿನ ಸೇಂಟ್ ಜೈಲ್ಸ್ ಕ್ರಿಪಲ್‌ಗೇಟ್ ಚರ್ಚಿನ ಪೈಪ್ ಆರ್ಗನ್. ವೇಕ್‌ಮನ್ ಅಲ್ಲಿಗೇ ಹೋಗಿ ನುಡಿಸಿದ್ದು. ಅಂದರೆ ಹಾಡಿನ ನಟ್ಟನಡುವೆ ಬೇರೊಂದು ಕಟ್ಟಡದ ಗಾಳಿಯನ್ನೇ ತಂದು ಅಂಟಿಸಿದ್ದಾರೆ. ನಮಗೆ ಹೊಲಿಗೆ ಕಂಡಿತ್ತಾ? ರೋಮಾಂಚನ ಆಗಿದ್ದಷ್ಟೇ ನೆನಪು.

ಇನ್ನೊಂದು ವಿಷಯ ನಿನಗೆ ಹೇಳಲೇಬೇಕು. ಆಂಡರ್ಸನ್‌ಗೆ ಈ ಹಾಡಿನ ಪದಗಳು ಹುಟ್ಟಿದ್ದು ಜರ್ಮನ್ ಲೇಖಕ ಹರ್ಮನ್ ಹೆಸ್ಸೆಯ 'ಸಿದ್ಧಾರ್ಥ' ಕಾದಂಬರಿ ಓದಿದ್ದರಿಂದ. ನದಿಯ ದಡದಲ್ಲಿ ಕೂತು ನದಿಯಿಂದಲೇ ಕಲಿಯುವವನ ಕಥೆ ಅದು. ಈ ಹೆಸ್ಸೆಯ ತಾಯಿ ಹುಟ್ಟಿದ್ದು ಜರ್ಮನಿಯಲ್ಲಲ್ಲ, ನಮ್ಮ ಪಕ್ಕದ ಕೇರಳದ ತಲಶ್ಶೇರಿಯಲ್ಲಿ, 1842ರಲ್ಲಿ! ಅಜ್ಜ ಹರ್ಮನ್ ಗುಂಡರ್ಟ್ ಮಲಯಾಳಂ ನಿಘಂಟು ಮಾಡಿದವನು. ತಲಶ್ಶೇರಿಗೆ ಹೋಗುವ ಮೊದಲು ಅವನು 1838ರಲ್ಲಿ ಬಂದು ಸೇರಿದ್ದು ಮಂಗಳೂರಿನ ಬಾಸೆಲ್ ಮಿಷನ್ನನ್ನು. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಇಲ್ಲಿಂದಲೇ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದ್ದು. ನಾನು ದಿನಾ ಬಸ್ಸಿಗೆ ಕಾಯುವುದು ಆ ಮಿಷನ್ ಇದ್ದ ಬಲ್ಮಠದಲ್ಲೇ, ಗೊತ್ತಲ್ಲ? ಕಿವಿಯಲ್ಲಿ ಈ ಹಾಡು ಇದ್ದರೆ ಈಗೀಗ ಬಸ್ ತಡವಾದರೂ ಬೇಜಾರಾಗುವುದಿಲ್ಲ.

ಹಾಗಂತ ಎಲ್ಲರೂ ಖುಷಿಯಿಂದ ಕೌದಿ ಹೊಲಿದರು ಅಂದುಕೊಳ್ಳಬೇಡ. ಬ್ರುಫರ್ಡ್‌ಗೆ ಸಾಕಾಗಿಹೋಗಿತ್ತು. ಪ್ರತಿಯೊಂದು ಸಣ್ಣ ವಿಷಯಕ್ಕೂ ಚುನಾವಣೆ ನಡೆದ ಹಾಗೆ ಚರ್ಚೆ. ಒಬ್ಬನಿಗೆ ಬೇಸ್ ಇನ್ನಷ್ಟು ಬೇಕು, ಇನ್ನೊಬ್ಬನಿಗೆ ಗಿಟಾರ್. ಅವನೋ ಜಾಝ್ ಮನಸ್ಸಿನವನು, ನುಡಿಸಿ ಮುಂದೆ ಹೋಗಬೇಕು ಅನ್ನುವವನು. ಆಲ್ಬಮ್ಮಿಗೆ 'ಕ್ಲೋಸ್ ಟು ದಿ ಎಡ್ಜ್' ಅನ್ನುವ ಹೆಸರು ಸೂಚಿಸಿದ್ದೂ ಅವನೇ, ತಂಡ ಅಂಚಿಗೆ ಬಂದು ನಿಂತಿದೆ ಅನ್ನುವ ಅರ್ಥದಲ್ಲಿ. ರೆಕಾರ್ಡಿಂಗ್ ಮುಗಿದದ್ದೇ ತಂಡ ಬಿಟ್ಟು ಕಿಂಗ್ ಕ್ರಿಮ್ಸನ್ ಅನ್ನುವ ಬೇರೆ ತಂಡ ಸೇರಿಕೊಂಡ. ನನ್ನನ್ನು ಕೇಳಿದರೆ ಅವನ ಸಿಟ್ಟೂ ಆ ಹಾಡಿಗೆ ಒಳ್ಳೆಯದೇ ಮಾಡಿದೆ. ಶುರುವಿನ ಮೂರು ನಿಮಿಷ ಡ್ರಮ್ಸ್ ಮಾತ್ರ ಗಮನಿಸಿ ಕೇಳು. ಎಲ್ಲರೂ ಎಲ್ಲೆಲ್ಲಿಗೋ ಓಡುತ್ತಾರೆ, ಅವನು ಎಲ್ಲರಿಗೂ ಅಡ್ಡ ಬರುತ್ತಾನೆ.

ನಿನ್ನ ಪ್ರಶ್ನೆಗೆ ಉತ್ತರ ಇರುವುದು ಇದರ ನಂತರ. ಆಲ್ಬಂ ಅಂಗಡಿಗೆ ಬಂದದ್ದು ಸೆಪ್ಟೆಂಬರಿನಲ್ಲಿ. ಅದಕ್ಕೂ ಮೊದಲೇ, ಜುಲೈ 30ಕ್ಕೆ ಅಮೆರಿಕದ ಡಲ್ಲಾಸ್‌ನಲ್ಲಿ ಕಛೇರಿ ಇತ್ತು. ಡ್ರಮ್ಮರ್ ಇಲ್ಲ. ಜಾನ್ ಲೆನನ್ ಜೊತೆ ನುಡಿಸಿದ್ದ ಅಲನ್ ವೈಟ್‌ನನ್ನು ಕರೆದರು. ಕೆಲವೇ ದಿನದಲ್ಲಿ ಅವನು ಎಲ್ಲ ಕಲಿತುಕೊಂಡ. ಅವನೊಬ್ಬನೇ ಅಲ್ಲ, ಉಳಿದ ನಾಲ್ವರೂ ತಾವೇ ಅಂಟಿಸಿದ ಟೇಪನ್ನು ಕೇಳಿ, ತಮ್ಮದೇ ಹಾಡನ್ನು ಮೊದಲಿಂದ ಕೊನೆಯವರೆಗೆ ನುಡಿಸುವುದನ್ನು ಕಲಿಯಬೇಕಾಯಿತು. ವೇದಿಕೆಯಲ್ಲಿ ಬ್ಲೇಡೂ ಇಲ್ಲ, ಅಂಟೂ ಇಲ್ಲ.

ಅದಕ್ಕೇ ಹೇಳುವುದು, ನಿನ್ನ ಹನ್ನೊಂದು ತುಂಡನ್ನು ಈಗ ಒಮ್ಮೆ ಒಟ್ಟಿಗೆ ನುಡಿಸಿ ನೋಡು. ಎಡವಿದರೆ ಎಡವು. ಮೂರನೇ ತುಂಡಿನಿಂದ ನಾಲ್ಕನೆಯದಕ್ಕೆ ಹಾರುವ ಜಾಗದಲ್ಲಿ ನಿನ್ನ ಬೆರಳು ಏನು ಮಾಡುತ್ತದೆ ಅನ್ನುವುದು ನನಗೆ ಕೇಳಬೇಕು. ಭಾನುವಾರ ಫೋನ್ ಮಾಡಿ ನುಡಿಸು. ರಾತ್ರಿ ಹತ್ತರ ಮೇಲೆ ಮಾತ್ರ ಬೇಡ, ಮಗು ಏಳುತ್ತದೆ.

ಇತಿ,
ನಿನ್ನ ಹಾಸ್ಟೆಲ್ ಕೋಣೆಯವ