ಹೌಸ್‌ಬೋಟ್‌ಗಳ ಬಿಸಿನೀರಿನ ವ್ಯವಸ್ಥೆ ಬದಲಾಗಲಿ

ಮಾನ್ಯರೇ,

ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆ, ಹಂಗಾರಕಟ್ಟೆ ಕಡೆಯ ಹಿನ್ನೀರಿನಲ್ಲಿ ಪ್ರವಾಸಿಗರನ್ನು ರಾತ್ರಿ ತಂಗಿಸಿಕೊಳ್ಳುವ ಹೌಸ್‌ಬೋಟ್‌ಗಳ ಬಗ್ಗೆ ಈ ಪತ್ರ. ಬೋಟುಗಳ ವೈರಿಂಗ್ ಕೆಲಸದಲ್ಲಿರುವ ನಾನು ಕಂಡಂತೆ, ದಡಕ್ಕೆ ಕಟ್ಟಿ ನಿಲ್ಲಿಸಿದ ಬೋಟಿನಲ್ಲಿ ಬೆಳಗಿನ ಹೊತ್ತು ಮತ್ತೆ ಮತ್ತೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್) ಬೀಳುವುದಕ್ಕೂ, ಕೊನೆಗೆ ಬೇಸತ್ತು ಡೀಸೆಲ್ ಜನರೇಟರ್ ಚಾಲೂ ಮಾಡುವುದಕ್ಕೂ ಮುಖ್ಯ ಕಾರಣ ಸ್ನಾನದ ಬಿಸಿನೀರು. ಇದಕ್ಕೆ ದೊಡ್ಡ ಲೈನ್ ಎಳೆಸುವುದೊಂದೇ ದಾರಿ ಎಂದು ಮಾಲೀಕರು ನಂಬಿದ್ದಾರೆ. ಈ ನಂಬಿಕೆಯನ್ನು ನಾನು ಒಪ್ಪಲಾರೆ.

ಲೆಕ್ಕ ಸರಳವಾಗಿದೆ. ಜೆಟ್ಟಿಯಿಂದ 32 ಆಂಪಿಯರ್‌ನ ಸಿಂಗಲ್ ಫೇಸ್ ಲೈನ್ ಇದ್ದರೆ ಬೋಟಿಗೆ ಸಿಗುವುದು ಸುಮಾರು 7 ಕಿಲೋವ್ಯಾಟ್. ನಾಲ್ಕು ಕೋಣೆಗಳ ಎ.ಸಿ.ಗಳೇ ಅದರಲ್ಲಿ ಐದು ಕಿಲೋವ್ಯಾಟ್‌ನಷ್ಟನ್ನು ಎಳೆಯುತ್ತವೆ. ಬೆಳಿಗ್ಗೆ ಏಳರ ಸುಮಾರಿಗೆ ನಾಲ್ಕೂ ಸ್ನಾನದ ಕೋಣೆಗಳ 2 ಕಿಲೋವ್ಯಾಟ್ ಗೀಸರ್‌ಗಳು ಒಟ್ಟಿಗೆ ಚಾಲೂ ಆದರೆ ಅವುಗಳಿಗೇ 8 ಕಿಲೋವ್ಯಾಟ್ ಬೇಕು. ಆದರೆ ಎಂಟು ಜನರಿಗೆ ತಲಾ ಒಂದು ಬಕೆಟ್‌ನಂತೆ 160 ಲೀಟರ್ ನೀರನ್ನು 27 ಡಿಗ್ರಿಯಿಂದ 40 ಡಿಗ್ರಿಗೆ ಕಾಯಿಸಲು ಎರಡೂವರೆ ಯೂನಿಟ್ ವಿದ್ಯುತ್ ಸಾಕು. ತೊಂದರೆ ಇರುವುದು ಆ ಎರಡೂವರೆ ಯೂನಿಟ್ಟನ್ನು ಅರ್ಧ ಗಂಟೆಯೊಳಗೆ ಎಳೆಯಲು ಹೊರಡುವುದರಲ್ಲಿ.

ನಮ್ಮ ಹಿರಿಯರ ಬಚ್ಚಲ ಹಂಡೆಯ ಹಾಗೆ, ಬೇಕಾಗುವ ಹೊತ್ತಿಗೆ ಬಹಳ ಮುಂಚೆಯೇ ಸಣ್ಣ ಉರಿಯಲ್ಲಿ ಕಾಯಿಸಿಟ್ಟುಕೊಳ್ಳುವ ಕ್ರಮವೇ ಇಲ್ಲಿಗೂ ಸರಿ. ಶಾಖ ಹೊರಹೋಗದಂತೆ ತಡೆಯುವ ಪಫ್ (ಫೋಮ್) ಹೊದಿಕೆಯಿರುವ 100 ಲೀಟರ್‌ನ ಒಂದೇ ಟ್ಯಾಂಕಿಗೆ 1 ಕಿಲೋವ್ಯಾಟ್‌ನ ಕಾಯಿಲ್ ಹಾಕಿ, ಟೈಮರ್ ಇಟ್ಟು ನಡುರಾತ್ರಿಯ ನಂತರ ಚಾಲೂ ಮಾಡಿದರೆ, ನಾಲ್ಕು ಗಂಟೆಗಳಲ್ಲಿ ನೀರು 60 ಡಿಗ್ರಿಗೆ ಬರುತ್ತದೆ, ಎ.ಸಿ.ಗಳು ಓಡುತ್ತಿದ್ದರೂ ಲೈನಿಗೆ ಭಾರವಾಗುವುದಿಲ್ಲ. ಅದಕ್ಕೆ ತಣ್ಣೀರು ಬೆರೆಸಿದರೆ ಸ್ನಾನಕ್ಕೆ 250 ಲೀಟರಿನಷ್ಟು ಹದವಾದ ನೀರು ದೊರೆಯುತ್ತದೆ. 60 ಡಿಗ್ರಿಯ ನೀರು ಮಕ್ಕಳ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡಬಲ್ಲದಾದ್ದರಿಂದ ಟ್ಯಾಂಕಿನ ಬಾಯಲ್ಲೇ ನೀರನ್ನು ಬೆರೆಸಿ ಬಿಡುವ ಮಿಕ್ಸಿಂಗ್ ವಾಲ್ವ್ ಹಾಕಿಸಲೇಬೇಕು.

ಒಳಗೆ ಡೀಸೆಲ್ ಎಂಜಿನ್ ಇರುವ ಬೋಟುಗಳಿಗೆ ಇನ್ನೂ ಒಳ್ಳೆಯ ದಾರಿಯಿದೆ. ಸುಟ್ಟ ಡೀಸೆಲ್ಲಿನ ಶಾಖದಲ್ಲಿ ದೊಡ್ಡ ಪಾಲು ಎಂಜಿನ್ನನ್ನು ತಂಪಾಗಿಡುವ ನೀರಿನ ಮೂಲಕ ಹೊಳೆಗೆ ಹೋಗುತ್ತದೆ. ರೇಡಿಯೇಟರ್‌ನಂತೆ ಸಿಹಿನೀರೇ ಸುತ್ತುವ ಎಂಜಿನ್ ಆಗಿದ್ದರೆ, ಆ ನೀರನ್ನು ಟ್ಯಾಂಕಿನೊಳಗಿನ ತಾಮ್ರದ ಸುರುಳಿಯ ಮೂಲಕ ಹಾಯಿಸಿ, ಸಂಜೆಯ ವಿಹಾರ ಮುಗಿಯುವಷ್ಟರಲ್ಲಿ ಸ್ನಾನದ ನೀರನ್ನು ಖರ್ಚಿಲ್ಲದೆ ಕಾಯಿಸಿಕೊಳ್ಳಬಹುದು. ಹೊಳೆಯ ನೀರನ್ನೇ ಸೆಳೆದು ಹೊರಬಿಡುವ ಔಟ್‌ಬೋರ್ಡ್ ಎಂಜಿನ್‌ಗಳಿಗೆ ಇದು ಹೊಂದುವುದಿಲ್ಲ. ಸೋಲಾರ್ ಹೀಟರನ್ನು ಬೋಟಿನ ಮಾಡಿನ ಮೇಲೆ ಕೂರಿಸುವ ಯೋಚನೆಯೂ ಕೇಳಿಬರುತ್ತಿದೆ. 200 ಲೀಟರ್ ನೀರೆಂದರೆ 200 ಕಿಲೋ ಭಾರ, ಅದು ಅಷ್ಟು ಎತ್ತರದಲ್ಲಿದ್ದರೆ ಬೋಟಿನ ಸಮತೋಲ ಕೆಡುತ್ತದೆ. ಜೆಟ್ಟಿಯ ಕಟ್ಟಡದ ಮೇಲೆಯೇ ಸೋಲಾರ್ ಇಟ್ಟು ಬಿಸಿನೀರನ್ನು ಬೋಟಿನ ಟ್ಯಾಂಕಿಗೆ ತುಂಬಿಸುವುದು ಲೇಸು.

ನನಗೆ ಎಲ್ಲಕ್ಕಿಂತ ಆತಂಕ ಹುಟ್ಟಿಸುವುದು ಕರೆಂಟು ಸಾಲದೆಂದು ಗ್ಯಾಸ್ ಗೀಸರ್ ಹಾಕಿಸುವ ಆಲೋಚನೆ. ಕಿಟಕಿ ಮುಚ್ಚಿದ ಕಿರಿದಾದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಉರಿದರೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ, ಒಳಗಿದ್ದವರಿಗೆ ಅದು ಗೊತ್ತಾಗುವುದೂ ಇಲ್ಲ. ಊರಿನ ಮನೆಗಳಲ್ಲೇ ಇಂಥ ಸಾವುಗಳಾಗಿವೆ. ಮೇಲಾಗಿ ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ, ಸೋರಿದ ಗ್ಯಾಸ್ ಬೋಟಿನ ತಳದಲ್ಲಿ ನಿಂತು ಪಂಪಿನ ಒಂದು ಕಿಡಿಗಾಗಿ ಕಾದಿರುತ್ತದೆ.

ಜೆಟ್ಟಿಯ ತುದಿಯ ಪ್ಲಗ್‌ಗಳನ್ನು ಒಮ್ಮೆ ಕಳಚಿ ನೋಡಬೇಕು: ಪಿನ್ನುಗಳು ಉಪ್ಪುಗಾಳಿಗೆ ಹಸಿರುಗಟ್ಟಿ, ಬಿಸಿಗೆ ಸುತ್ತಲಿನ ಪ್ಲಾಸ್ಟಿಕ್ ಕಂದಾಗಿ ಕರಗಿರುತ್ತದೆ, ಟೇಪ್ ಸುತ್ತಿದ ಕೇಬಲ್ ಜೋಡಣೆ ಒದ್ದೆ ಕಲ್ಲಿನ ಮೇಲೆ ಬಿದ್ದಿರುತ್ತದೆ. ಇಂಥ ಕೇಬಲ್ಲಿನಲ್ಲಿ ಇನ್ನಷ್ಟು ಆಂಪಿಯರ್ ಹರಿಸುವುದು ಅಪಾಯವನ್ನು ಕರೆದಂತೆ. ಸರಿಯಾದ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಇಲ್ಲದ ಬೋಟಿನಲ್ಲಿ ಸೋರುವ ಕರೆಂಟು, ಪಕ್ಕದಲ್ಲಿ ನೀರಿಗಿಳಿದವರ ಜೀವಕ್ಕೂ ಕುತ್ತು ತರಬಲ್ಲದು.

2021ರ ಒಳನಾಡು ಹಡಗುಗಳ ಕಾಯ್ದೆಯಡಿ ಯಂತ್ರಚಾಲಿತ ಬೋಟುಗಳ ತಪಾಸಣೆಗೆ ಅವಕಾಶವಿದೆ. ಆ ತಪಾಸಣೆಯಲ್ಲಿ ಸ್ನಾನದ ಕೋಣೆಯೊಳಗಿನ ಗ್ಯಾಸ್ ಗೀಸರ್ ಕಂಡರೆ ಅನುಮತಿ ನಿರಾಕರಿಸಬೇಕು, ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಿ ನೋಡಬೇಕು ಮತ್ತು ಪ್ರತಿ ಜೆಟ್ಟಿಯಲ್ಲೂ ಒಂದು ಬೋಟಿಗೆ ಎಷ್ಟು ಆಂಪಿಯರ್ ಎಂಬ ಫಲಕ ಹಾಕಿಸಬೇಕೆಂದು ಪ್ರವಾಸೋದ್ಯಮ ಇಲಾಖೆಯನ್ನೂ ಜಿಲ್ಲಾಡಳಿತವನ್ನೂ ಕೋರುತ್ತೇನೆ.

– ಓದುಗ, ಉಡುಪಿ